ಜೋಳದ ರೊಟ್ಟಿ ಯಾವ ದನಿಯಲ್ಲಿ ಮಾತಾಡಬೇಕು?

ಸಂಪಾದಕರಿಗೆ,

ಮಾನ್ಯರೇ,

ಕಲಬುರಗಿ ಮಹಿಳೆಯರ ಜೋಳದ ರೊಟ್ಟಿಯ ಪ್ರಸ್ತಾಪ 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲಿ ಬಂದ ಮೇಲೆ, ರೊಟ್ಟಿ, ಚಟ್ನಿಪುಡಿ, ಶಾವಿಗೆ, ಉಪ್ಪಿನಕಾಯಿ ಮಾಡುವ ಸ್ವಸಹಾಯ ಸಂಘಗಳಿಗೆಲ್ಲ ಒಂದೇ ಮಾತು ಕೇಳಿಬರುತ್ತಿದೆ: ‘ನೀವೂ ಬ್ರ್ಯಾಂಡ್ ಆಗಿ, ಇನ್‌ಸ್ಟಾಗ್ರಾಂಗೆ ಬನ್ನಿ.’ ಮಾತು ತಪ್ಪಲ್ಲ. ಆದರೆ ಬಂದವರ ಪುಟಗಳನ್ನು ಒಂದರ ಹಿಂದೊಂದು ತೆರೆದು ನೋಡಿದರೆ ಸಂಕಟವಾಗುತ್ತದೆ. ಅದೇ ಹೂವಿನ ಅಂಚಿನ ಟೆಂಪ್ಲೇಟ್, ಅದೇ ಸಿನಿಮಾ ಹಾಡು, ಅದೇ ‘ಶುದ್ಧ, ರುಚಿಕರ, ಆರೋಗ್ಯಕರ’. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಅದು ರೊಟ್ಟಿಯ ಪುಟವೋ ಅಗರಬತ್ತಿಯ ಪುಟವೋ ತಿಳಿಯುವುದಿಲ್ಲ.

ಖಾತೆ ತೆರೆಯುವುದು, ಫೋಟೊ ಹಾಕುವುದು, ಹ್ಯಾಷ್‌ಟ್ಯಾಗ್ ಅಂಟಿಸುವುದು, ಇವನ್ನು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಆ ಪುಟ ಯಾರ ಹಾಗೆ ಮಾತಾಡಬೇಕು, ಗಿರಾಕಿಯನ್ನು ಏನೆಂದು ಕರೆಯಬೇಕು, ಬೈದರೆ ಏನನ್ನಬೇಕು, ಬೆಲೆ ಏರಿಸಿದ ದಿನ ಹೇಗೆ ಹೇಳಬೇಕು, ಇವನ್ನು ಹೇಳಿಕೊಡುವವರು ಕಡಿಮೆ. ಬ್ರ್ಯಾಂಡಿನ ವ್ಯಕ್ತಿತ್ವ ಎಂಬ ದೊಡ್ಡ ಮಾತಿನ ಒಳಗಿರುವುದು ಇಷ್ಟೇ. ಲೋಗೊ ಬಟ್ಟೆ ಇದ್ದ ಹಾಗೆ. ಮನುಷ್ಯರ ಗುರುತು ಸಿಗುವುದು ಅವರು ಆಡುವ ಮಾತಿನಲ್ಲಿ.

ಒಂದು ಉದಾಹರಣೆ ನೋಡಿ. ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ಗಿರಾಕಿಯೊಬ್ಬರು ವಾಟ್ಸ್ಆ್ಯಪ್ ಮಾಡುತ್ತಾರೆ: ‘ನಿಮ್ಮ ಖಡಕ್ ರೊಟ್ಟಿ ಡಬ್ಬಿ ಬಂತು, ಅರ್ಧ ಮುರಿದಿವೆ.’ ಸಾಮಾನ್ಯವಾಗಿ ಹೋಗುವ ಉತ್ತರ: ‘ಡಿಯರ್ ಕಸ್ಟಮರ್, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಆರ್ಡರ್ ಸಂಖ್ಯೆ ಹಂಚಿಕೊಳ್ಳಿ.’ ಇದು ಬ್ಯಾಂಕಿನ ಮಾತು, ಮೊಬೈಲ್ ಕಂಪನಿಯ ಮಾತು. ರೊಟ್ಟಿ ತಟ್ಟಿದವರ ಮಾತಲ್ಲ. ಈಗ ಇದನ್ನು ಓದಿ: ‘ಎಷ್ಟು ಮುರದಾವ್ರಿ? ಒಂದು ಫೋಟೊ ಕಳಸ್ರಿ. ಐದಕ್ಕಿಂತ ಹೆಚ್ಚು ಮುರದಿದ್ರ ಅಷ್ಟೂ ರೊಟ್ಟಿ ಮುಂದಿನ ಡಬ್ಬಿದಾಗ ಹೆಚ್ಚಿಗಿ ಇಡ್ತೀವಿ. ಚೂರು ಒಗೀಬ್ಯಾಡ್ರಿ, ಮಜ್ಜಿಗ್ಯಾಗ ನೆನಸಿ ಒಗ್ಗರಣಿ ಕೊಟ್ರ ಛಲೋ ಆಗ್ತದ.’ ಇಲ್ಲಿ ಕ್ಷಮೆಯ ಪದವೇ ಇಲ್ಲ. ಆದರೂ ಹೊಣೆ ಇದೆ, ಲೆಕ್ಕ ಇದೆ, ಅಡುಗೆಮನೆಯ ತಿಳಿವಳಿಕೆ ಇದೆ. ಈ ಉತ್ತರವನ್ನು ಗಿರಾಕಿ ಸ್ಕ್ರೀನ್‌ಶಾಟ್ ತೆಗೆದು ತಂಗಿಗೆ ಕಳಿಸುತ್ತಾರೆ. ದುಡ್ಡು ಕೊಟ್ಟು ಹಾಕಿಸಿದ ಹತ್ತು ಜಾಹೀರಾತು ಮಾಡದ ಕೆಲಸ ಅದು.

ಬ್ರ್ಯಾಂಡ್‌ಗಳಿಗೂ ಮನುಷ್ಯರಂಥ ಗುಣಗಳಿರುತ್ತವೆ ಎಂಬುದನ್ನು ಅಳೆಯಲು 1997ರಲ್ಲಿ ಅಮೆರಿಕದ ಸಂಶೋಧಕಿ ಜೆನಿಫರ್ ಆಕರ್ ಐದು ಗುಣಗಳ ಪಟ್ಟಿ ಕೊಟ್ಟರು: ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಒರಟು ಗಟ್ಟಿತನ. ಮಾರ್ಕೆಟಿಂಗ್ ಪಾಠಗಳಲ್ಲಿ ಇವತ್ತಿಗೂ ಈ ಐದನ್ನೇ ಉರು ಹೊಡೆಸುತ್ತಾರೆ. ಅದೇ ಸಂಶೋಧಕಿ ಸಹೋದ್ಯೋಗಿಗಳ ಜತೆ ಜಪಾನ್ ಮತ್ತು ಸ್ಪೇನ್‌ನಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಒರಟು ಗಟ್ಟಿತನ ಎರಡೂ ಕಡೆ ಸಿಗಲಿಲ್ಲ, ಅದರ ಜಾಗಕ್ಕೆ ಶಾಂತ ಸ್ವಭಾವ ಬಂದಿತ್ತು. ಸ್ಪೇನ್‌ನಲ್ಲಿ ಅದರ ಜತೆಗೆ ಭಾವಾವೇಶವೂ ಸೇರಿತ್ತು. ಅಂದರೆ ಒಂದು ಸೀಮೆಯ ಅಳತೆಗೋಲು ಇನ್ನೊಂದು ಸೀಮೆಗೆ ಹಾಗೇ ಒಗ್ಗುವುದಿಲ್ಲ. ಕನ್ನಡದಲ್ಲಿ ಮಾರುವವರು ಈ ಐದರಲ್ಲಿ ಒಂದನ್ನು ಆರಿಸಿಕೊಂಡು ಕೂರುವ ಮೊದಲು ತೀರ್ಮಾನಿಸಬೇಕಾದದ್ದು ಸಲಿಗೆ ಎಷ್ಟು, ಮರ್ಯಾದೆ ಎಷ್ಟು ಎಂಬುದನ್ನು. ನಮ್ಮ ಭಾಷೆಯಲ್ಲಿ ಅದು ಮೊದಲ ಕ್ರಿಯಾಪದದಲ್ಲೇ ಬಯಲಾಗಿಬಿಡುತ್ತದೆ: ಬಾ, ಬನ್ನಿ, ಬರ್ರಿ, ದಯಮಾಡಿಸಿ. ಇಂಗ್ಲಿಷಿನ ‘ಯು’ ಈ ಪ್ರಶ್ನೆಯನ್ನೇ ಎತ್ತುವುದಿಲ್ಲ, ಹಾಗಾಗಿ ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಉತ್ತರವೂ ಇಲ್ಲ.

ಉತ್ತರ ಕರ್ನಾಟಕದ ಸಂಘಗಳಿಗೆ ಇಲ್ಲೊಂದು ವರವಿದೆ, ಅದು ‘ರಿ’. ‘ಸರ್’ ಅನ್ನಬೇಕೋ ‘ಮೇಡಂ’ ಅನ್ನಬೇಕೋ ಎಂದು ಪ್ರೊಫೈಲ್ ಫೋಟೊ ದಿಟ್ಟಿಸಿ ನೋಡಬೇಕಿಲ್ಲ. ‘ಹೂಂರಿ’, ‘ಕಳಸ್ತೀವ್ರಿ’, ‘ಇವತ್ತಿಂದು ಮುಗೀತ್ರಿ’. ಹೆಣ್ಣು ಗಂಡು, ಹಿರಿಯರು ಕಿರಿಯರು ಎಲ್ಲರಿಗೂ ಸಲ್ಲುವ ಮರ್ಯಾದೆ ಒಂದೇ ಅಕ್ಷರದಲ್ಲಿದೆ, ಸಲಿಗೆಯೂ ಕೆಡುವುದಿಲ್ಲ. ಇದನ್ನು ಬಿಟ್ಟು ‘ಹಾಯ್ ಫ್ರೆಂಡ್ಸ್’ ಎಂದು ಶುರುಮಾಡುವುದು ಕೈಯಲ್ಲಿದ್ದ ಚಿನ್ನ ಬಿಟ್ಟು ಕಾಗೆ ಬಂಗಾರ ಹುಡುಕಿದಂತೆ.

ಆಡುನುಡಿ ಅಂದಕೂಡಲೇ ಎರಡು ತಪ್ಪು ನಡೆಯುತ್ತವೆ. ಮೊದಲನೆಯದು ಕಲಬೆರಕೆ. ಸೋಮವಾರದ ಪೋಸ್ಟ್‌ನಲ್ಲಿ ‘ಐತಿ’, ಬುಧವಾರ ‘ಅದ’, ಶುಕ್ರವಾರ ‘ಇದೆ’. ಓದುವವರಿಗೆ ಮೂವರು ಬೇರೆ ಬೇರೆ ಜನ ಬರೆಯುತ್ತಿರುವುದು ತಕ್ಷಣ ಗೊತ್ತಾಗುತ್ತದೆ. ಕಲಬುರಗಿಯ ಸಂಘ ‘ಅದ’ ಎಂದರೆ ಎಲ್ಲ ಕಡೆ ‘ಅದ’ವೇ ಇರಲಿ, ಬಾಗಲಕೋಟೆಯ ಸಂಘ ‘ಐತಿ’ ಎಂದರೆ ಕೊನೆಯವರೆಗೂ ‘ಐತಿ’. ಎರಡನೆಯದು ಇನ್ನೂ ಕೆಟ್ಟದ್ದು. ಬೇರೆ ಊರಿನ ಏಜೆನ್ಸಿಯವರು ಸಿನಿಮಾದ ಹಾಸ್ಯ ಪಾತ್ರಗಳಿಂದ ಕಲಿತ ಉತ್ತರ ಕರ್ನಾಟಕದ ಮಾತು ಬರೆದು ಕೊಡುತ್ತಾರೆ. ಪ್ರತಿ ವಾಕ್ಯಕ್ಕೂ ‘ಯಪ್ಪಾ’, ಪ್ರತಿ ಸಾಲಿಗೂ ‘ಲೇ’. ರೊಟ್ಟಿ ಮಾಡುವ ಹೆಣ್ಣುಮಕ್ಕಳನ್ನು ನಗೆಪಾಟಲು ಮಾಡುವ ಭಾಷೆ ಅದು, ಅವರ ಭಾಷೆಯಲ್ಲ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಬರೆದದ್ದನ್ನು ರೊಟ್ಟಿ ತಟ್ಟುವ ಸದಸ್ಯೆಯ ಎದುರು ಗಟ್ಟಿಯಾಗಿ ಓದಿ. ‘ಹಿಂಗ್ಯಾರು ಮಾತಾಡ್ತಾರ?’ ಎಂದು ಅವರು ಕೇಳಿದರೆ ಆ ಸಾಲು ಹೊಡೆದು ಹಾಕಿ.

ಹಾಗಾದರೆ ಮಾಡಬೇಕಾದದ್ದೇನು? ಒಂದು ಹಾಳೆ ಸಾಕು, ಎ4 ಅಳತೆಯದು, ಕೈಬರಹದಲ್ಲಿದ್ದರೂ ಆದೀತು. ಸಂಘದ ನಾಲ್ಕೈದು ಜನ ಎರಡು ತಾಸು ಕೂತು ಅದರಲ್ಲಿ ಮೂರು ಗುಣ ಬರೆಯಬೇಕು, ಪ್ರತಿ ಗುಣಕ್ಕೂ ಒಂದು ಎಲ್ಲೆ ಹಾಕಬೇಕು. ಉದಾಹರಣೆಗೆ: ಅಕ್ಕರೆಯಿಂದ ಮಾತಾಡುತ್ತೇವೆ, ಅಂಗಲಾಚುವುದಿಲ್ಲ. ಖಡಕ್ಕಾಗಿ ಹೇಳುತ್ತೇವೆ, ಒರಟಾಗಿ ಅಲ್ಲ. ಲೆಕ್ಕ ಪಕ್ಕಾ ಇಡುತ್ತೇವೆ, ಜಿಪುಣತನ ಮಾಡುವುದಿಲ್ಲ. ಎಲ್ಲೆ ಬರೆಯದೆ ಗುಣ ಮಾತ್ರ ಬರೆದರೆ ಉಪಯೋಗವಿಲ್ಲ. ‘ಪ್ರೀತಿ, ವಿಶ್ವಾಸ, ಗುಣಮಟ್ಟ’ ಎಂದು ಬರೆಯದ ಸಂಘ ಯಾವುದಿದೆ?

ಅದರ ಕೆಳಗೆ ಬಳಸುವ ಹತ್ತು ಪದ, ಬಳಸದ ಹತ್ತು ಪದ. ಶೇಂಗಾ ಎನ್ನುವವರು ಶೇಂಗಾ ಎಂದೇ ಬರೆಯಲಿ, ಕಡಲೆಕಾಯಿ ಬೇಡ. ಗುರೆಳ್ಳು ಚಟ್ನಿ ಅಂದರೆ ಮೈಸೂರು ಕಡೆಯವರಿಗೆ ಗೊತ್ತಾಗದಿದ್ದರೆ ಒಂದು ಸಲ ‘ನಿಮ್ಮ ಕಡೆಯ ಹುಚ್ಚೆಳ್ಳು’ ಎಂದು ಹೇಳಿದರಾಯಿತು. ಆ ವಿವರಣೆಯೇ ಒಳ್ಳೆಯ ಪೋಸ್ಟ್. ‘ಬಿಳಿಜೋಳ’ ಎಂದು ನಿಲ್ಲಿಸದೆ ‘ಹಿಂಗಾರಿ ಮಾಲದಂಡಿ ಜೋಳ’ ಎಂದು ತಳಿಯ ಹೆಸರನ್ನೇ ಬರೆದರೆ, ತಿಳಿದವರಿಗೆ ಅಷ್ಟರಲ್ಲೇ ನಂಬಿಕೆ ಬರುತ್ತದೆ. ಬಳಸದ ಪದಗಳ ಪಟ್ಟಿಯಲ್ಲಿ ಮೊದಲು ಬರಬೇಕಾದವು ‘ಅಮೃತ’, ‘ಸೂಪರ್‌ಫುಡ್’, ‘ನೂರಕ್ಕೆ ನೂರು ಶುದ್ಧ’. ‘ಶುಗರ್ ವಾಸಿಯಾಗುತ್ತದೆ’ ಎಂಬಂಥ ಸಾಲುಗಳನ್ನಂತೂ ಮುಟ್ಟಲೇಬಾರದು. ಆಹಾರದ ಜಾಹೀರಾತಿನಲ್ಲಿ ರೋಗ ಗುಣವಾಗುತ್ತದೆ ಎಂದು ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ತಡೆಯುತ್ತವೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ವಾಟ್ಸ್ಆ್ಯಪ್ ಸ್ಟೇಟಸ್ ಕೂಡ ಜಾಹೀರಾತೇ ಎಂಬುದು ಎಷ್ಟೋ ಸಂಘಗಳಿಗೆ ಗೊತ್ತಿಲ್ಲ.

ಹಾಳೆಯ ಕೊನೆಯ ಭಾಗ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಐದು ಕಷ್ಟದ ಸಂದರ್ಭಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು: ಮಾಲು ಮುರಿದು ಬಂದಾಗ, ತಡವಾದಾಗ, ಬೆಲೆ ಏರಿಸಿದಾಗ, ಆರ್ಡರ್ ಒಪ್ಪಿಕೊಳ್ಳಲು ಆಗದಾಗ, ಯಾರೋ ಬಾಯಿಗೆ ಬಂದಂತೆ ಬೈದಾಗ. ಸಿಟ್ಟಿನಲ್ಲೋ ಗಾಬರಿಯಲ್ಲೋ ಬೆರಳಾಡಿಸಿದಾಗಲೇ ವ್ಯಕ್ತಿತ್ವ ಕೆಡುವುದು; ಹಬ್ಬದ ಶುಭಾಶಯ ಬರೆಯುವಾಗ ಯಾರದೂ ಕೆಡುವುದಿಲ್ಲ. ಬೆಲೆ ಏರಿಕೆಯ ಮಾತು ಹೀಗಿರಬಹುದು: ‘ಜೋಳದ ರೇಟು ಏರೇದ್ರಿ. ಒಂದನೇ ತಾರೀಖಿನಿಂದ ಹತ್ತು ರೊಟ್ಟಿಗೆ ಐದು ರೂಪಾಯಿ ಹೆಚ್ಚು. ಅಳತಿ, ದಪ್ಪ ಏನೂ ಬದಲಾಗಂಗಿಲ್ಲ.’ ಕಾರಣ, ದಿನಾಂಕ, ಮೊತ್ತ, ಬದಲಾಗದ್ದು ಏನು ಎಂಬ ನಾಲ್ಕೂ ಬಂದವು. ‘ಅನಿವಾರ್ಯ ಕಾರಣಗಳಿಂದ ದರ ಪರಿಷ್ಕರಿಸಲಾಗಿದೆ’ ಎಂಬುದರಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಈ ಉತ್ತರಗಳನ್ನು ಇಡಲು ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ‘ಕ್ವಿಕ್ ರಿಪ್ಲೈ’ ಎಂಬ ಸೌಲಭ್ಯವಿದೆ. ಐವತ್ತರವರೆಗೆ ಉಳಿಸಿಕೊಳ್ಳಬಹುದು, ಹನ್ನೆರಡು ಇದ್ದರೆ ಧಾರಾಳ. ಓರೆಗೆರೆ (/) ಹೊಡೆದು ‘ಮುರಿ’ ಎಂದರೆ ಮುರಿದ ರೊಟ್ಟಿಯ ಉತ್ತರ ಬರುವಂತೆ ಚಿಕ್ಕ ಹೆಸರು ಕೊಡಿ. ಕಳಿಸುವ ಮೊದಲು ಗಿರಾಕಿಯ ಹೆಸರು, ರೊಟ್ಟಿಯ ಸಂಖ್ಯೆ ಬದಲಿಸಿ. ಹಾಗೇ ಒತ್ತಿದರೆ ಯಂತ್ರದ ವಾಸನೆ ಬರುತ್ತದೆ. ರಾತ್ರಿ ಎಂಟರ ಮೇಲೆ ತಾನಾಗಿ ಹೋಗುವ ‘ಅವೇ ಮೆಸೇಜ್’ ಕೂಡ ಅದೇ ದನಿಯಲ್ಲಿರಲಿ: ‘ಒಲಿ ಆರಿಸೀವ್ರಿ. ಮುಂಜಾನೆ ಏಳಕ್ಕ ಉತ್ತರ ಕೊಡ್ತೀವಿ.’ ಇನ್ನೊಂದು ತಾಂತ್ರಿಕ ವಿಚಾರ ಗೊತ್ತಿರಬೇಕು. ಒಂದೇ ಸಲ ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋದ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಒಂದು ಪಟ್ಟಿಗೆ 256 ಜನ ಮಿತಿ. ‘ಎರಡು ನೂರು ಜನಕ್ಕೆ ಕಳಿಸಿದೆವು, ಒಬ್ಬರೂ ಮಾತಾಡಲಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಡಬ್ಬಿಯಲ್ಲಿ ಒಂದು ಚೀಟಿ ಇಟ್ಟು ‘ನಂಬರ್ ಹೆಸರು ಹಾಕಿ ಇಟ್ಕೋರಿ, ಹೊಸ ಚಟ್ನಿ ಮಾಡಿದಾಗ ಹೇಳ್ತೀವಿ’ ಎಂದು ಬರೆದರೆ ಅರ್ಧ ಸಮಸ್ಯೆ ಹೋಗುತ್ತದೆ. ಆ ಚೀಟಿಯೂ ಬ್ರ್ಯಾಂಡಿನ ಮಾತೇ, ಅದೂ ಹಾಳೆಗೆ ಹೊಂದಬೇಕು.

ಇನ್ನು ಇನ್‌ಸ್ಟಾಗ್ರಾಂ. ಬಳಕೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಆದರೆ ಅದರ ಕೆಳಗೆ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಕನ್ನಡದಲ್ಲಿ ಕೊಡಬಹುದು, ಹುಡುಕಿದಾಗ ಅದೂ ಸಿಗುತ್ತದೆ. ಪರಿಚಯಕ್ಕೆ 150 ಅಕ್ಷರ ಜಾಗ. ಕನ್ನಡದ ಸ್ವರಚಿಹ್ನೆ, ಒತ್ತಕ್ಷರಗಳೂ ಬಿಡಿಬಿಡಿಯಾಗಿ ಎಣಿಕೆಗೆ ಬರುವುದರಿಂದ ಅಷ್ಟರಲ್ಲಿ ಹತ್ತು ಹದಿನೈದು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಊರು, ಏನು ಮಾಡುತ್ತೀರಿ, ಯಾವ ವಾರ ಕಳಿಸುತ್ತೀರಿ, ಇಷ್ಟು ಸಾಕು. ಪ್ರೊಫೈಲ್ ಚಿತ್ರ ಫೋನಿನಲ್ಲಿ ಕಡಲೆಬೇಳೆಯಷ್ಟು ಗುಂಡಗೆ ಕಾಣುತ್ತದೆ, ಅದರಲ್ಲಿ ಸಂಘದ ಪೂರ್ತಿ ಹೆಸರು ತುರುಕಿದರೆ ಮಸಿ ಚೆಲ್ಲಿದಂತಾಗುತ್ತದೆ. ಒಂದೇ ಅಕ್ಷರ, ‘ರೊ’ ಎಂದು ದಪ್ಪಗೆ ಬರೆಸಿದರೆ ಕಣ್ಣಿಗೆ ನಾಟುತ್ತದೆ.

ಅಕ್ಷರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು, ಕನ್ನಡದ ಪುಟಗಳು ಎಡವುವುದು ಹೆಚ್ಚಾಗಿ ಇಲ್ಲೇ. ವಿನ್ಯಾಸ ಮಾಡುವವರ ಕಂಪ್ಯೂಟರಿನಲ್ಲಿ ಹಳೆಯ ನುಡಿ, ಬರಹ ಫಾಂಟ್‌ಗಳಿರುತ್ತವೆ. ಅದರಲ್ಲಿ ಬರೆದದ್ದನ್ನು ನಕಲು ಮಾಡಿ ಫೇಸ್‌ಬುಕ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ. ಇನ್ನು ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬೀಳುತ್ತದೆ: ‘ರೊಟ್ಟಿ’ ಎಂಬುದು ‘ರೊಟ್‌ಟಿ’ ಆಗುತ್ತದೆ. ತನ್ನ ಹೆಸರನ್ನೇ ತಪ್ಪಾಗಿ ಬರೆದುಕೊಂಡ ಅಂಗಡಿಯನ್ನು ಯಾರು ನಂಬುತ್ತಾರೆ? ಪ್ರಕಟಿಸುವ ಮುನ್ನ ಒಂದು ಸಲ ಫೋನಿನಲ್ಲಿ ತೆರೆದು ಓದಿ. ಫಾಂಟಿಗೂ ಸ್ವಭಾವವಿದೆ. ಬಾಲೂ ತಮ್ಮ ಗುಂಡುಗುಂಡಾಗಿ ಮನೆಯವರಂತೆ ಕಾಣುತ್ತದೆ, ನೋಟೊ ಸಾನ್ಸ್ ಕನ್ನಡ ನೇರ ಮಾತಿನದ್ದು. ಎರಡೂ ಉಚಿತ. ಒಂದನ್ನು ಹಿಡಿದು ಒಂದು ವರ್ಷ ಬದಲಿಸಬೇಡಿ.

ರೀಲ್‌ಗೆ ಸಿನಿಮಾ ಹಾಡು ಹಾಕುವ ಅಭ್ಯಾಸ ಬಿಡಬೇಕು. ಬಿಸಿನೆಸ್ ಖಾತೆಗಳಿಗೆ ಹೆಚ್ಚಿನ ಸಿನಿಮಾ ಹಾಡುಗಳ ಬಳಕೆಗೆ ಅನುಮತಿಯೇ ಇರುವುದಿಲ್ಲ, ಹಕ್ಕುದಾರರು ದೂರಿದರೆ ದನಿ ಕತ್ತರಿಸಿ ಮೂಕ ವಿಡಿಯೊ ಉಳಿಯುತ್ತದೆ. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ: ಖಡಕ್ ರೊಟ್ಟಿಗೆ ತನ್ನದೇ ಸದ್ದಿದೆ. ಹಿಟ್ಟು ತಟ್ಟುವಾಗಿನ ತಪ್‌ತಪ್, ಹಂಚಿನ ಮೇಲೆ ನೀರು ಸವರಿದಾಗಿನ ಚುಂಯ್, ಮುರಿದಾಗಿನ ಕಟಕ್. ಈ ಮೂರು ಸದ್ದು ಇಪ್ಪತ್ತು ಸೆಕೆಂಡ್‌ನಲ್ಲಿ ಬಂದರೆ ಕಣ್ಣು ಮುಚ್ಚಿಕೊಂಡವರಿಗೂ ಯಾರ ಪುಟ ಎಂದು ಗೊತ್ತಾಗುತ್ತದೆ. ತೆಗೆಯುವ ಬಗೆ ಹೀಗೆ. ಫೋನ್ ನಿಲ್ಲಿಸಿ ಹಿಡಿಯಿರಿ, ಕೈಗಳ ಎತ್ತರಕ್ಕೆ. ಮೇಲಿಂದ ತೆಗೆದರೆ ನೆರಳು ಹಿಟ್ಟಿನ ಮೇಲೆ ಬೀಳುತ್ತದೆ. ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ಸದ್ದು ಬೇಕಾದಾಗ ಫ್ಯಾನ್ ಆರಿಸಿ, ಫೋನನ್ನು ಒಂದು ಗೇಣಿನಷ್ಟು ಹತ್ತಿರ ತನ್ನಿ. ಹಂಚಿನ ಬಳಿ ಹಬೆ ಮೆತ್ತಿ ಲೆನ್ಸ್ ಮಂಜಾಗುವುದರಿಂದ ಪ್ರತಿ ಸಲವೂ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಮೊದಲ ಎರಡು ಸೆಕೆಂಡ್‌ನಲ್ಲಿ ರೊಟ್ಟಿ ಉಬ್ಬುವುದು ಕಾಣಲಿ, ಸಂಘದ ಬೋರ್ಡ್ ಅಲ್ಲ. ಬರಹವನ್ನು ಚೌಕಟ್ಟಿನ ಕೆಳಗಿನ ಕಾಲುಭಾಗದಲ್ಲಿ ಇಡಬೇಡಿ, ಅಲ್ಲಿ ಶೀರ್ಷಿಕೆ ಮತ್ತು ಗುಂಡಿಗಳು ಅದನ್ನು ಮುಚ್ಚುತ್ತವೆ. ತಾನಾಗಿ ಮೂಡುವ ಕನ್ನಡ ಅಡಿಬರಹವನ್ನು ನಂಬದೆ ಕೈಯಾರೆ ಟೈಪಿಸಿ.

ದಿನಕ್ಕೊಂದು ಪೋಸ್ಟ್ ಹಾಕಲೇಬೇಕು ಎಂಬ ಒತ್ತಾಯವೂ ತಪ್ಪು. ಹತ್ತು ಜನರ ಸಂಘ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಕೈ ಬಿಡುವಾಗುವುದು ಮಧ್ಯಾಹ್ನಕ್ಕೆ. ವಾರಕ್ಕೆ ಮೂರು ಸಾಕು; ಹದಿನೈದು ದಿನಕ್ಕೊಮ್ಮೆ ಒಂದು ಬೆಳಿಗ್ಗೆ ಕೂತು ಆರಕ್ಕೂ ಬೇಕಾದ ಚಿತ್ರ ತೆಗೆದಿಟ್ಟುಕೊಳ್ಳಬಹುದು. ಹತ್ತರಲ್ಲಿ ನಾಲ್ಕು ಕೆಲಸ ತೋರಿಸಲಿ, ಮೂರು ಊಟ ತೋರಿಸಲಿ (ಪುಂಡಿಪಲ್ಯ, ಎಣ್ಣೆಗಾಯಿ, ಮೊಸರು, ಹಸಿ ಉಳ್ಳಾಗಡ್ಡಿ), ಎರಡು ಊರು ಮತ್ತು ಕಾಲದ್ದು, ಒಂದು ಮಾತ್ರ ‘ಕೊಳ್ಳಿ’ ಎಂದು ಹೇಳಲಿ. ಕಾಲದ ಮಾತಿಗೆ ಕ್ಯಾಲೆಂಡರ್ ಎರವಲು ಬೇಕಿಲ್ಲ. ಎಲ್ಲ ಪುಟಗಳೂ ಪ್ರೇಮಿಗಳ ದಿನ, ಸ್ನೇಹಿತರ ದಿನಕ್ಕೆ ಗುಲಾಬಿ ಟೆಂಪ್ಲೇಟ್ ಹಾಕುತ್ತವೆ. ನಾಗರ ಪಂಚಮಿಗೆ ಮುಂಚೆ ಮನೆಮನೆಗೆ ರೊಟ್ಟಿ, ಪಲ್ಯ ಹಂಚುವ ರೊಟ್ಟಿ ಹಬ್ಬ, ಹೊಲದಲ್ಲಿ ಚರಗ (ಭೂತಾಯಿಯ ಎಡೆ) ಚೆಲ್ಲಿ ಭಜ್ಜಿ ಪಲ್ಯ ಉಣ್ಣುವ ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಇವು ರೊಟ್ಟಿ ಮಾರುವವರ ಸ್ವಂತ ದಿನಗಳು. ಪುಣೆಯಲ್ಲೋ ಅಮೆರಿಕದಲ್ಲೋ ಇರುವ ಉತ್ತರ ಕರ್ನಾಟಕದವರು ಆ ದಿನ ಊರು ನೆನೆಯುತ್ತಾರೆ.

ಇದೇ ವಿಧಾನ ಬೇರೆ ಕಸುಬಿಗೆ ಬೇರೆ ದನಿ ಕೊಡುತ್ತದೆ. ಇಳಕಲ್ ಸೀರೆಯ ನೇಕಾರರು ರೊಟ್ಟಿಯವರ ಹಾಗೆ ಗಲಗಲ ಮಾತಾಡಬೇಕಿಲ್ಲ. ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದೇ ಆ ಸೀರೆಯ ಜೀವ. ಅಲ್ಲಿನ ಪುಟ ನಿಧಾನವಾಗಿರಲಿ, ಮಾತು ಕಡಿಮೆ ಇರಲಿ, ಕೊಂಡಿ ಹಾಕುವ ಬೆರಳನ್ನು ಒಂದು ನಿಮಿಷ ಕದಲದೆ ತೋರಿಸಲಿ. ಚನ್ನಪಟ್ಟಣದ ಗೊಂಬೆಯವರಿಗೆ ಮಗುವಿನ ಕುತೂಹಲ ಒಪ್ಪುತ್ತದೆ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹತ್ತುವುದನ್ನು ‘ಇದು ಹೇಗೆ?’ ಎಂದು ಕೇಳಿ ತೋರಿಸಬಹುದು.

ವ್ಯಕ್ತಿತ್ವಕ್ಕೂ ರಾಯಭಾರಿಗೂ ನಡುವಿನ ಗೊಂದಲದ ಬಗ್ಗೆ ಎರಡು ಮಾತು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ಎದ್ದ ಚರ್ಚೆಯೆಲ್ಲ ಯಾರ ಮುಖ ಎಂಬುದರ ಸುತ್ತಲೇ ತಿರುಗಿತು. ಮುಖ ಬಾಡಿಗೆಗೆ ಬರುತ್ತದೆ, ಅವಧಿ ಮುಗಿದರೆ ಹೋಗುತ್ತದೆ. 1916ರಲ್ಲಿ ಶುರುವಾದ ಕಾರ್ಖಾನೆಯ ಆ ಸೋಪಿಗೆ ಶ್ರೀಗಂಧದ ಪರಿಮಳ, ಆನೆ ತಲೆಯ ಶರಭದ ಲಾಂಛನ, ಅಂಡಾಕಾರದ ಬಿಲ್ಲೆ, ಇವು ಕಟ್ಟಿಕೊಟ್ಟ ಸ್ವಭಾವ ಈಗಲೂ ಇದೆ. ಅಮುಲ್‌ನ ಚುಕ್ಕಿ ಫ್ರಾಕಿನ ಹುಡುಗಿ 1966ರಿಂದ ಅದೇ ತುಂಟತನದಲ್ಲಿ ಮಾತಾಡುತ್ತಿದ್ದಾಳೆ; ದಿನದಿನದ ವಿಷಯ ಬದಲಾಗುತ್ತದೆ, ಸ್ವಭಾವ ಬದಲಾಗಿಲ್ಲ. ಗೋಡೆಯ ಹೋರ್ಡಿಂಗಿನಿಂದ ಫೋನಿನ ಪರದೆಗೆ ಅವಳು ಸಲೀಸಾಗಿ ಬಂದದ್ದು ಅದಕ್ಕೇ. ಸಣ್ಣ ಸಂಘಗಳು ಇದನ್ನು ತಪ್ಪಾಗಿ ಅರ್ಥಮಾಡಿಕೊಂಡು ರೀಲ್ ಮಾಡುವವರೊಬ್ಬರಿಗೆ ಐದು ಸಾವಿರವೋ ಹತ್ತು ಸಾವಿರವೋ ಕೊಟ್ಟು ಕೂರುತ್ತವೆ. ಕೊಡುವುದಾದರೆ ನಿಯಮ ತಿಳಿದಿರಲಿ. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯ ಪ್ರಕಾರ ಅಂಥ ವಿಡಿಯೊದಲ್ಲಿ ‘ಜಾಹೀರಾತು’ ಎಂದು ಎದ್ದು ಕಾಣುವಂತೆ ಹೇಳಬೇಕು. ದುಡ್ಡು ಕೊಡದೆ ಬರೀ ಎರಡು ಡಬ್ಬಿ ರೊಟ್ಟಿ ಕೊಟ್ಟಿದ್ದರೂ ಹೇಳಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಟ್ಟರೆ ಆಗದು.

ಕೆಡುವ ದಾರಿಗಳು ಇನ್ನೂ ಇವೆ. ಝೊಮ್ಯಾಟೊದ ತಮಾಷೆ ನೋಟಿಫಿಕೇಶನ್ ನೋಡಿ, ಅಮೆರಿಕದ ವೆಂಡೀಸ್ ಬರ್ಗರ್‌ನವರು ಟ್ವಿಟರಿನಲ್ಲಿ (ಈಗಿನ ಎಕ್ಸ್) ಕಾಲೆಳೆಯುವುದನ್ನು ಕೇಳಿ, ಅದೇ ಚಟಾಕಿ ಹಾರಿಸಲು ಹೋಗುವುದು. ರೊಟ್ಟಿಯಲ್ಲಿ ಕೂದಲು ಸಿಕ್ಕಿತೆಂದವರಿಗೆ ಚಟಾಕಿ ಹಾರಿಸಿದರೆ ಅಲ್ಲಿಗೆ ಮುಗಿಯಿತು. ಎಐ ಬರೆದುಕೊಟ್ಟ ‘ಸಂಪ್ರದಾಯದ ಸವಿ, ಪ್ರೀತಿಯ ಸ್ಪರ್ಶ’ ಹಾಗೇ ಅಂಟಿಸುವುದು. ಅದೇ ಸಾಲು ಪಕ್ಕದ ತಾಲ್ಲೂಕಿನ ಪುಟದಲ್ಲೂ ಇರುತ್ತದೆ. ಎಐ ಚಿತ್ರಗಳಂತೂ ಇನ್ನೂ ಅಪಾಯ, ಜೋಳದ ರೊಟ್ಟಿ ಎಂದು ಗೋದಿ ಚಪಾತಿಯ ಚುಕ್ಕೆ ಇರುವ ಚಿತ್ರ ಕೊಡುತ್ತವೆ. ತಿನ್ನುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಒಂದು ರೀಲ್ ಸಿಕ್ಕಾಪಟ್ಟೆ ಓಡಿದ ದಿನ ಬರುವ ಆಪತ್ತು ಬೇರೆ. ದಿನಕ್ಕೆ 400 ರೊಟ್ಟಿ ಮಾಡುವ ಸಂಘಕ್ಕೆ 2,000ದ ಆರ್ಡರ್ ಬಿದ್ದಾಗ ಬೇರೆ ಕಡೆಯಿಂದ ತಂದು ಡಬ್ಬಿ ತುಂಬುವ ಆಸೆ ಹುಟ್ಟುತ್ತದೆ. ಒಂದೇ ವಾರದಲ್ಲಿ ದಪ್ಪ ರೊಟ್ಟಿ, ಕಮಟು ವಾಸನೆಯ ದೂರು ಶುರು. ಆ ದಿನಕ್ಕೆಂದೇ ಒಂದು ಪೋಸ್ಟ್ ಸಿದ್ಧವಿರಬೇಕು: ‘ನಮ್ಮ ಕೈಲೆ ದಿನಕ್ಕ 400 ಆಗ್ತಾವ್ರಿ. ನಿಮ್ಮ ಪಾಳಿ ಬಂದಾಗ ನಾವೇ ಹೇಳ್ತೀವಿ.’ ಅದನ್ನು ಪುಟದ ಮೇಲ್ಗಡೆ ಪಿನ್ ಮಾಡಿ. ಇಲ್ಲ ಎಂದು ಹೇಳಬಲ್ಲ ಬ್ರ್ಯಾಂಡಿಗೆ ಗಿರಾಕಿ ಕಾಯುತ್ತಾರೆ.

ಇನ್ನು ಖಾತೆ ಯಾರ ಹೆಸರಿನಲ್ಲಿದೆ? ಸಂಯೋಜಕರ ಫೋನಿನಲ್ಲೋ ಸದಸ್ಯೆಯ ಮಗನ ಫೋನಿನಲ್ಲೋ ತೆರೆದ ಪುಟ, ಅವರು ಊರು ಬಿಟ್ಟ ದಿನ ಅನಾಥ. ಸಂಘದ ಹೆಸರಿನ ಸಿಮ್, ಸಂಘದ್ದೇ ಇಮೇಲ್, ಎರಡು ಹಂತದ ದೃಢೀಕರಣ, ತುರ್ತಿಗೆ ಕೊಡುವ ಸಂಕೇತಗಳನ್ನು ಕಾಗದದಲ್ಲಿ ಬರೆದು ಠರಾವು ಪುಸ್ತಕದ ಜತೆ ಇಡುವುದು, ಇಬ್ಬರು ನಿರ್ವಾಹಕರು. ಇದಕ್ಕೆ ಅರ್ಧ ದಿನವೂ ಹಿಡಿಯುವುದಿಲ್ಲ. ಬರೆಯುವವರು ಬದಲಾದಾಗ ಪುಟದ ಸ್ವಭಾವ ಬದಲಾಗದಿರಲು ಮೇಲೆ ಹೇಳಿದ ಹಾಳೆಯೂ ಅದೇ ಪುಸ್ತಕದಲ್ಲಿರಲಿ.

ಫಲ ಬಂತೋ ಇಲ್ಲವೋ ಎಂಬುದನ್ನು ಲೈಕ್‌ಗಳಿಂದ ಅಳೆಯಬೇಡಿ. ವಾಟ್ಸ್ಆ್ಯಪ್ ಬಿಸಿನೆಸ್‌ನ ಲೇಬಲ್‌ನಲ್ಲಿ ‘ಹೊಸಬರು’, ‘ಎರಡನೇ ಸಲ’, ‘ಮೂರು ಮತ್ತು ಮೇಲೆ’ ಎಂದು ಗುರುತು ಹಾಕಿ, ತಿಂಗಳ ಕೊನೆಗೆ ಎಣಿಸಿ. ನಲವತ್ತು ಆರ್ಡರ್‌ನಲ್ಲಿ ಮರಳಿ ಬಂದವರು ಎಷ್ಟು ಎಂಬುದು ಮೊದಲ ಅಂಕಿ. ಆರು ತಿಂಗಳಾದರೂ ಅದು ಏರದಿದ್ದರೆ ತೊಂದರೆ ರೊಟ್ಟಿಯಲ್ಲಿದೆ ಅಥವಾ ಉತ್ತರದಲ್ಲಿದೆ. ಹಳೆಯ ಸಂದೇಶಗಳನ್ನು ತೆರೆದು ಓದಿದರೆ ಯಾವುದೆಂದು ತಿಳಿಯುತ್ತದೆ. ಗಿರಾಕಿಗಳು ನಿಮ್ಮ ಮಾತನ್ನೇ ನಿಮಗೆ ಹೇಳತೊಡಗಿದರೆ, ಬೆಂಗಳೂರಿನವರು ‘ಗುರೆಳ್ಳು ಖಾಲಿ ಆಯ್ತ್ರಿ’ ಎಂದು ಬರೆದರೆ, ಅದು ಎರಡನೆಯ ಗುರುತು. ಮರಳಿ ಬರುವವರು ಒಂದಷ್ಟು ಕಾಣಿಸಿಕೊಂಡ ಮೇಲೆ ದುಡ್ಡು ಕೊಟ್ಟು ಪೋಸ್ಟ್ ಹರಡುವ ಯೋಚನೆ ಮಾಡಬಹುದು, ಅಲ್ಲಿಯವರೆಗೆ ಆ ಹಣ ಗಟ್ಟಿ ಡಬ್ಬಿಗೆ ಹೋಗಲಿ.

ಜಿಲ್ಲಾ ಪಂಚಾಯಿತಿಗಳಲ್ಲಿ, ಜೀವನೋಪಾಯ ಅಭಿಯಾನದಲ್ಲಿ, ಕೈಮಗ್ಗ ಇಲಾಖೆಯಲ್ಲಿ ತರಬೇತಿಯ ಹೊಣೆ ಹೊತ್ತವರಲ್ಲಿ ಕೇಳಿಕೊಳ್ಳುವುದು ಇಷ್ಟು. ಮೂರು ದಿನದ ಶಿಬಿರದಲ್ಲಿ ಒಂದು ದಿನವನ್ನು ಈ ಹಾಳೆಗೆ ಕೊಡಿ. ಕಲಿಸುವವರು ಆ ಜಿಲ್ಲೆಯ ಮಾತು ಬಲ್ಲವರಾಗಿರಲಿ. ಎಲ್ಲ ಸಂಘಗಳಿಗೂ ಒಂದೇ ಟೆಂಪ್ಲೇಟ್, ಒಂದೇ ಘೋಷವಾಕ್ಯ ಹಂಚುವುದನ್ನು ನಿಲ್ಲಿಸಿ. ಒಂದು ಸಿಮ್ಮಿಗೂ ಒಂದು ಫೋನ್ ಸ್ಟ್ಯಾಂಡಿಗೂ ತಗಲುವ ಖರ್ಚನ್ನು ಯೋಜನೆಯಲ್ಲೇ ಸೇರಿಸಿ. ಶ್ರಾವಣದ ರೊಟ್ಟಿ ಹಬ್ಬಕ್ಕೆ ಮುಂಚೆ ಒಂದೊಂದು ತಾಲ್ಲೂಕಿನಲ್ಲಿ ಐದೈದು ಸಂಘ ಇದನ್ನು ಬರೆದು ಮುಗಿಸಿದರೂ, ಆ ದಿನ ಫೋನ್ ತೆರೆದವರಿಗೆ ಬೀದರ್‌ನ ರೊಟ್ಟಿ ಯಾವುದು, ಬಾಗಲಕೋಟೆಯದು ಯಾವುದು ಎಂದು ಮಾತಿನಲ್ಲೇ ಗೊತ್ತಾಗುತ್ತದೆ.

ಇಂತಿ,
ಸಣ್ಣ ಉತ್ಪಾದಕರಿಗೆ ಮಾರಾಟ ತರಬೇತಿ ನೀಡುವ ಕೆಲವರು,
ಧಾರವಾಡ